ಪ್ರಾಯರ್ ದಿಬ್ಬ

ಪ್ರತಿ ವರ್ಷ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ರಜೆಗೆ ಮುಂಚಿನ ಕೊನೆಯ ಶುಕ್ರವಾರ, ಸಂಶೋಧನೆಗೆಂದು ಕಟ್ಟಿದ ರಿಯಾಕ್ಟರೊಂದರ ಕ್ಯಾಂಟೀನ್ ಹಿಂದೆ ನೀಲಗಿರಿ ಮರಗಳ ಕೆಳಗೆ ಯಾರಾದರೊಬ್ಬರ ಮಾನ ಹರಾಜಾಗುತ್ತಿತ್ತು. ಹರಾಜು ಕೂಗುವವಳು ಮೆರ್ರಿನ್ ಟುಲಕ್. ಒಂದು ಕಡೆ ಗ್ಯಾಸ್ ಒಲೆಯ ಮೇಲೆ ಸಾಸೇಜು, ಈರುಳ್ಳಿ ಚುರುಗುಟ್ಟುತ್ತಿರುತ್ತಿದ್ದವು. ಇನ್ನೊಂದು ಕಡೆ ಐಸ್ ಪೆಟ್ಟಿಗೆಯಲ್ಲಿ ಬಿಯರು. ಕಾಗದದ ತಟ್ಟೆ ಹಿಡಿದು ನಿಂತ ಅರವತ್ತು ಜನರ ನಡುವೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಗುಲಾಬಿ ಎದೆಯ ಒಂದು ಪ್ಲಾಸ್ಟರ್ ಹಕ್ಕಿ. ಗಲಾ ಹಕ್ಕಿ. ಆ ದೇಶದಲ್ಲಿ ಒಬ್ಬರನ್ನು ಗಲಾ ಎಂದರೆ ಪೆದ್ದು ಎಂದೇ ಲೆಕ್ಕ. ವರ್ಷದ ಅತಿ ದೊಡ್ಡ ಪೆದ್ದುಕೆಲಸ ಮಾಡಿದವರಿಗೆ ಆ ಹಕ್ಕಿ ಸಿಗುತ್ತಿತ್ತು. ಅವರ ಹೆಸರು, ಇಸವಿ ಅದರ ಮರದ ಪೀಠದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಉಳಿಯುತ್ತಿತ್ತು. ಈ ಪದ್ಧತಿ ಶುರು ಮಾಡಿದವಳೂ ಮೆರ್ರಿನ್ನೇ, ಹನ್ನೊಂದು ವರ್ಷದಿಂದ ಭಾಷಣ ಮಾಡುತ್ತಿದ್ದವಳೂ ಅವಳೇ. ಹನ್ನೊಂದು ಹೆಸರಿನಲ್ಲಿ ಅವಳದು ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅವಳಿಗೆ ಐವತ್ತೊಂದು ವರ್ಷ. ಮಂಡಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ. ಪ್ರಪಂಚದಲ್ಲಿ ಅವಳು ಗೌರವ ಕೊಡುತ್ತಿದ್ದದ್ದು ಎರಡಕ್ಕೆ: ನ್ಯೂಟ್ರಾನಿಗೆ ಮತ್ತು ತನಗೆ. ಉಳಿದವರೆಲ್ಲ ಅವಳ ಕಣ್ಣಿಗೆ ವಾಲ್ವು ಮುಚ್ಚಲು ಬಾರದವರು, ಗ್ರಾಫು ಓದಲು ಬಾರದವರು, ಅಥವಾ ಎರಡೂ ಬಾರದ ಪ್ರೊಫೆಸರುಗಳು. ಅವಳ ವಶದಲ್ಲಿದ್ದ ಯಂತ್ರದ ಹೆಸರು ನಂಬಾಟ್. ಇರುವೆ ತಿನ್ನುವ ಅಲ್ಲಿನ ಒಂದು ಪುಟ್ಟ ಪ್ರಾಣಿಯ ಹೆಸರು. ಯಂತ್ರ ಮಾತ್ರ ಎರಡು ಲಾರಿಗಳಷ್ಟು ದೊಡ್ಡದು.

ನಂಬಾಟ್ ಮಾಡುವ ಕೆಲಸ ಹೇಳುವುದಕ್ಕೆ ಸುಲಭ. ರಿಯಾಕ್ಟರಿನಿಂದ ಬರುವ ನ್ಯೂಟ್ರಾನುಗಳನ್ನು ಒಂದು ಡಬ್ಬಿಯಲ್ಲಿಟ್ಟ ಪುಡಿಯ ಮೇಲೆ ಬಿಡುವುದು, ಅವು ಯಾವ ದಿಕ್ಕಿಗೆ ಎಷ್ಟು ಚದುರಿದವು ಎಂದು ಎಣಿಸುವುದು. ಪುಡಿಯೊಳಗಿನ ಪರಮಾಣುಗಳು ಪುಟ್ಟ ಪುಟ್ಟ ಅಯಸ್ಕಾಂತಗಳು. ಅವೆಲ್ಲ ಕವಾಯತಿಗೆ ನಿಂತ ಪೊಲೀಸರಂತೆ ಸಾಲಾಗಿದ್ದರೆ ಗ್ರಾಫಿನಲ್ಲಿ ಸೂಜಿಯಂಥ ಮೊನೆಗಳು ಏಳುತ್ತವೆ. ಹಾಗಲ್ಲದೆ, ಪಕ್ಕದ ಮನೆಯವರ ಜೊತೆ ಮಾತ್ರ ಹೊಂದಿಕೊಂಡು ನಾಲ್ಕನೇ ಮನೆಯವರ ಗೊಡವೆಯೇ ಇಲ್ಲದಂತೆ, ಅಕ್ಕಪಕ್ಕದಲ್ಲಷ್ಟೇ ಶಿಸ್ತಿದ್ದು ಮುಂದೆ ಎಲ್ಲ ಕಲಸುಮೇಲೋಗರವಾಗಿದ್ದರೆ, ಮೊನೆಯ ಬದಲು ಒಂದು ಅಗಲವಾದ ಸೋಮಾರಿ ದಿಬ್ಬ ಕಾಣುತ್ತದೆ. ಈ ದಿಬ್ಬ ಕಂಡರೆ ಭೌತವಿಜ್ಞಾನಿಗಳಿಗೆ ಎಲ್ಲಿಲ್ಲದ ಆಸೆ. ಮೊನೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಬೇಕಾಗುತ್ತದೆ. ದಿಬ್ಬದಲ್ಲಿ ಊಹೆಗೆ ಜಾಗವಿದೆ, ಮತ್ತು ಊಹೆಗೆ ಜಾಗವಿದ್ದ ಕಡೆ ದೊಡ್ಡ ಮನುಷ್ಯರು ಮೊದಲೇ ಟವೆಲು ಹಾಕಿರುತ್ತಾರೆ.

ಹಾಗೆ ಟವೆಲು ಹಾಕಿದವನು ಅಡಿಲೇಡಿನ ಪ್ರೊಫೆಸರ್ ಡೆನ್ಹಮ್ ಪ್ರಾಯರ್. ಐದು ವರ್ಷದ ಹಿಂದೆ ಅವನ ಹಸಿರು ಪುಡಿಯನ್ನು ನಂಬಾಟ್‌ನಲ್ಲಿಟ್ಟು ತಣಿಸಿದಾಗ ಸೊಗಸಾದ ದಿಬ್ಬವೊಂದು ಎದ್ದಿತು. ಅಂಥ ದಿಬ್ಬ ಯಾವ ಲೆಕ್ಕಾಚಾರಕ್ಕೂ ಕೂಡುತ್ತಿರಲಿಲ್ಲ. ಕೂಡದ್ದರಿಂದಲೇ ಅದು ಮಹತ್ವದ್ದು ಎಂದು ಪ್ರೊಫೆಸರ್ ಘೋಷಿಸಿದ, ದೊಡ್ಡ ಪತ್ರಿಕೆ ಅಚ್ಚು ಹಾಕಿತು, ಜನ ಅದಕ್ಕೆ ಪ್ರಾಯರ್ ದಿಬ್ಬ ಎಂದು ಹೆಸರಿಟ್ಟರು. ಆ ಮಹಾಶಯ ಯಂತ್ರದ ಹತ್ತಿರ ಇದ್ದದ್ದು ಒಟ್ಟು ನಲವತ್ತು ನಿಮಿಷ, ಅದರಲ್ಲಿ ಅರ್ಧ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆಂದು ವಿಚಾರಿಸುವುದರಲ್ಲಿ ಕಳೆದಿತ್ತು. ಅಳತೆಯೆಲ್ಲ ಮೆರ್ರಿನ್‌ಳದು. ಯಂತ್ರ ನೋಡಿಕೊಳ್ಳುವವರ ಹೆಸರನ್ನೂ ಪ್ರಬಂಧದಲ್ಲಿ ಸೇರಿಸುವುದು ಅಲ್ಲಿನ ರೂಢಿ, ಹಾಗಾಗಿ ಎರಡನೇ ಹೆಸರು ಅವಳದಾಯಿತು. ಆಮೇಲೆ ಮೂರು ದೇಶದ ಮೂರು ಪ್ರಯೋಗಾಲಯಗಳು ಅದೇ ಪುಡಿ ಮಾಡಿ ನೋಡಿದವು, ದಿಬ್ಬ ಕಾಣಲಿಲ್ಲ. "ಅವರಿಗೆ ಪುಡಿ ಮಾಡೋಕೆ ಬರಲ್ಲ" ಎಂದು ಪ್ರಾಯರ್ ಕೈ ಝಾಡಿಸಿದ. ಮೆರ್ರಿನ್ ಅದನ್ನೇ ಇನ್ನೂ ಖಾರ ಹಚ್ಚಿ ಹೇಳುತ್ತ ತಿರುಗಿದಳು. ಬರುವ ಜನವರಿಯಲ್ಲಿ ರಿಯಾಕ್ಟರಿನ ಎಲ್ಲ ಯಂತ್ರಗಳಿಗೂ ಒಬ್ಬ ಮುಖ್ಯಸ್ಥರನ್ನು ಆರಿಸುವವರಿದ್ದರು. ಅವಳ ಅರ್ಜಿಯ ಮೊದಲ ಸಾಲಿನಲ್ಲಿ ದಿಬ್ಬವೇ ಕೂತಿತ್ತು.

ಈಗ ಅದೇ ಪುಡಿ, ಅದೇ ಯಂತ್ರ, ಕೈ ಮಾತ್ರ ಬೇರೆ. ಲೊಸಾನಾ ಫಿಜಿಯ ಸುವಾ ನಗರದವಳು, ವಿದ್ಯಾರ್ಥಿವೇತನದ ಮೇಲೆ ಬಂದು ಪ್ರಾಯರ್ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದಳು. ಪ್ರಾಯರ್ ದಿಬ್ಬವನ್ನು ಇನ್ನಷ್ಟು ನಾಜೂಕಾಗಿ ಅಳೆಯುವುದೇ ಅವಳ ಪ್ರಬಂಧ. ಫೆಬ್ರವರಿ ಕೊನೆಗೆ ವೇತನವೂ ಮುಗಿಯುತ್ತಿತ್ತು, ವೀಸಾವೂ ಮುಗಿಯುತ್ತಿತ್ತು. ನಾಜೂಕಾಗಿ ಅಳೆಯುವುದಕ್ಕೆ ಮೊದಲು ದಿಬ್ಬ ಇರಬೇಕಲ್ಲ.

ಸೋಮವಾರ ಬೆಳಿಗ್ಗೆ ಮೆರ್ರಿನ್ ಪರದೆಯ ಮುಂದೆ ಬಗ್ಗಿ ನೋಡಿದಳು.

"ದಿಬ್ಬ ಎಲ್ಲಮ್ಮಾ?"

"ಇಲ್ಲ ಆಂಟಿ."

"ಇಲ್ಲ ಅಂದ್ರೆ? ಐದು ವರ್ಷದಿಂದ ಇಲ್ಲೇ ಇತ್ತು. ನೀನು ಬಂದ್ಮೇಲೆ ಗುಳೆ ಹೋಯ್ತಾ?"

"ನಾಲ್ಕನೇ ಸಲ ಅಳೀತಿದೀನಿ. ನಾಲ್ಕು ಸಲನೂ ಹೀಗೇ, ಚಾಪೆ ಹಾಸಿದ ಹಾಗಿದೆ."

"ಪುಡೀನ ಎಲ್ಲಾದ್ರೂ ಸಮುದ್ರದ ಹತ್ರ ಒಣಗ್ಸೋಕೆ ಹಾಕಿದ್ಯಾ? ಮತ್ತೆ, ಆಂಟಿ ಅನ್ಬೇಡ ಅಂತ ಎಷ್ಟು ಸಲ ಹೇಳ್ಬೇಕು? ನಾನೇನು ನಿಮ್ಮೂರ ಮಾರ್ಕೆಟ್‌ನಲ್ಲಿ ಮೀನು ಮಾರ್ತೀನಾ?"

"ನಮ್ಮೂರಲ್ಲಿ ಗೌರವಕ್ಕೆ ಹಾಗನ್ನೋದು. ಬೇಡ ಅಂದ್ರೆ ಹೇಳಿ, ಗೌರವ ಬಿಡ್ತೀನಿ" ಎಂದಳು ಲೊಸಾನಾ, ಪರದೆಯಿಂದ ಕಣ್ಣು ತೆಗೆಯದೆ.

ಮೆರ್ರಿನ್‌ಗೆ ಈ ಉತ್ತರ ಹಿಡಿಸಿತು. ಹಿಡಿಸಿದ್ದನ್ನು ತೋರಿಸಿಕೊಳ್ಳುವ ಚಾಳಿ ಅವಳಿಗಿರಲಿಲ್ಲ. ಆಗಲೇ ಪ್ರಾಯರನ ಫೋನು ಬಂತು. ಅವನಿಗೆ ತನ್ನ ಧ್ವನಿ ಇಡೀ ಕೋಣೆಗೆ ಕೇಳಿಸದಿದ್ದರೆ ಸಮಾಧಾನವಿಲ್ಲ, ಆದ್ದರಿಂದ ಸ್ಪೀಕರಿಗೆ ಹಾಕಲು ಹೇಳಿದ.

"ಮೆರ್ರಿನ್, ಹುಡುಗಿ ಪುಡಿ ಕೆಡಿಸಿದಾಳೆ, ಅಷ್ಟೇ. ತೇವ ಹಿಡ್ಸಿದಾಳೆ. ಈ ವಾರದ ವರದೀಲಿ ಹಾಗೇ ಬರ್ದುಬಿಡು, ವಿದ್ಯಾರ್ಥಿಯ ಅಜಾಗರೂಕತೆ ಅಂತ."

"ಪ್ರೊಫೆಸರ್, ನಾನು ಇಲ್ಲೇ ಇದೀನಿ" ಎಂದಳು ಲೊಸಾನಾ.

"ಇದ್ರೆ ಒಳ್ಳೇದೇ, ಕಲೀತೀಯ. ಮೆರ್ರಿನ್, ಈ ಸಲದ ಗಲಾ ಯಾರಿಗೆ ಅಂತ ಇನ್ನು ತಲೆ ಕೆಡಿಸ್ಕೋಬೇಡ. ನಾನೂ ಶುಕ್ರವಾರ ಬರ್ತಿದೀನಿ."

ವರದಿಯಲ್ಲಿ ಆ ಒಂದು ಸಾಲು ಬಿದ್ದರೆ ಲೊಸಾನಾ ಅಡಿಲೇಡಿನಲ್ಲಿ ಈ ಪುಡಿಯ ಮೇಲೆ ಮೂರೂವರೆ ವರ್ಷ ಮಾಡಿದ್ದ ಅಳತೆಯೆಲ್ಲ ಕೆಟ್ಟ ಪುಡಿಯ ಲೆಕ್ಕಕ್ಕೆ ಸೇರಿ ಕಸದ ಬುಟ್ಟಿಗೆ ಹೋಗುತ್ತಿತ್ತು. ಮತ್ತೆ ಮೊದಲಿನಿಂದ ಮಾಡುವುದಕ್ಕೆ ಎರಡು ತಿಂಗಳು ಎಲ್ಲಿಗೂ ಸಾಲದು. ಬರಿಗೈಯಲ್ಲಿ ಸುವಾಕ್ಕೆ ಹೋಗಬೇಕು. ಅದು ಮೂವರಿಗೂ ಗೊತ್ತಿತ್ತು. ಮೆರ್ರಿನ್ ಮಧ್ಯಾಹ್ನ ಕೂತು ಶುಕ್ರವಾರದ ಭಾಷಣ ಬರೆದಳು. "ದಿಬ್ಬ ಹತ್ತಲು ಬಂದವರನ್ನು ನೋಡಿದ್ದೇವೆ, ಬುಲ್ಡೋಜರ್ ತಂದವಳನ್ನು ಇದೇ ಮೊದಲು ನೋಡುತ್ತಿರುವುದು" ಎಂಬ ಸಾಲು ಬರೆದು ತಾನೇ ನಕ್ಕಳು. ಒಬ್ಬಳ ಬದುಕು ಮುಳುಗುವ ಹೊತ್ತಿನಲ್ಲಿ ಪ್ರಾಸ ಹುಡುಕುವವರ ಬಗ್ಗೆ ಏನು ಹೇಳುವುದು? ಅವಳಿಗೆ ಅದು ಹಾಗೆ ಕಾಣಿಸಲೇ ಇಲ್ಲ.

ಬುಧವಾರ ಬೆಳಿಗ್ಗೆ ಲೊಸಾನಾ ಒಂದು ಮಸಿ ಹಿಡಿದ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಬಂದಳು. ಅದು ಸ್ಟಾವ್‌ನ ರಿಪೇರಿ ಪುಸ್ತಕ. ಸ್ಟಾವ್ರೋಸ್ ಎಂಬ ಗ್ರೀಕ್ ಮನೆತನದ ಈ ಮನುಷ್ಯ ಶೀತಯಂತ್ರಗಳ ಕೆಲಸಗಾರ. ಡಬ್ಬಿಯನ್ನು ಇಳಿಬಿಡುವ ಉದ್ದನೆಯ ಕೊಳವೆಗಳು, ಪಂಪುಗಳು, ಹೀಲಿಯಂ ಎಲ್ಲ ಅವನ ಸುಪರ್ದಿ. ಐದು ವರ್ಷದಿಂದ ಅವನು ಮೆರ್ರಿನ್ ಜೊತೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಿದವನಲ್ಲ.

"ಆಂಟಿ, ನಿಮ್ಮಿಬ್ಬರ ಪ್ರಬಂಧದಲ್ಲಿ ದಿಬ್ಬ ಏಳೋದು ನಲವತ್ತಾರು ಕೆಲ್ವಿನ್‌ನಲ್ಲಿ. ಇಪ್ಪತ್ತಾರರ ಕೆಳಗೆ ಅದು ಮೊನೆಯಾಗುತ್ತೆ. ಅಲ್ವಾ?"

"ನಾನೇ ಅಳೆದದ್ದು. ನನಗೇ ಪಾಠನಾ?"

"ಆಗ ಥರ್ಮಾಮೀಟರು ಡಬ್ಬಿಗಿಂತ ನಾಲ್ಕು ಬೆರಳು ಮೇಲಿತ್ತಂತೆ. ಎರಡು ಡಿಗ್ರಿ ಜಾಸ್ತಿ ತೋರಿಸ್ತಿತ್ತು ಅಂತ ಸ್ಟಾವ್ ಬರ್ದಿದಾರೆ. ಎರಡು ಕಳೀರಿ."

ಮೆರ್ರಿನ್ ಕಳೆದಳು. ನಲವತ್ನಾಲ್ಕು. ಇಪ್ಪತ್ನಾಲ್ಕು. ಆ ಎರಡು ಅಂಕಿಗಳು ಈ ಕಸುಬಿನಲ್ಲಿ ಎಲ್ಲರೂ ಮೊದಲ ವರ್ಷದಲ್ಲೇ ಕಲಿತು ಎರಡನೇ ವರ್ಷ ಮರೆಯುವಂಥವು. ಗಾಳಿಯಲ್ಲಿನ ಆಮ್ಲಜನಕ ಹೆಪ್ಪುಗಟ್ಟಿದರೆ ಅದೂ ಅಯಸ್ಕಾಂತವೇ. ನಲವತ್ನಾಲ್ಕರ ಕೆಳಗೆ ಅದರಲ್ಲಿ ಅಕ್ಕಪಕ್ಕದ ಶಿಸ್ತು ಹುಟ್ಟಿ ದಿಬ್ಬ ಏಳುತ್ತದೆ, ಇಪ್ಪತ್ನಾಲ್ಕರ ಕೆಳಗೆ ಪೂರ್ತಿ ಸಾಲಾಗಿ ಮೊನೆಯಾಗುತ್ತದೆ.

"ಇಲ್ಲಿ ನೋಡಿ" ಎಂದು ಲೊಸಾನಾ ಪುಸ್ತಕ ತೆರೆದು ಬೆರಳಿಟ್ಟಳು. ಐದು ವರ್ಷದ ಹಿಂದಿನ ಜನವರಿಯಲ್ಲಿ ಸ್ಟಾವ್‌ನ ಅಕ್ಷರ: ನಂಬಾಟ್ ಕೊಳವೆಯ ಮೇಲೆ ಗಾಳಿ ತಡೆಯುವ ರಬ್ಬರ್ ರಿಂಗ್ ಸೀಳಿತ್ತು, ಎಸೆದು ಹೊಸದು ಹಾಕಿದೆ. "ದಿಬ್ಬ ಅಳೆದದ್ದು ಅದಕ್ಕಿಂತ ಮುಂಚಿನ ಡಿಸೆಂಬರ್‌ನಲ್ಲಿ. ಆ ದಿನ ಇಪ್ಪತ್ತು ನಿಮಿಷ ಕಾದಿದ್ರಾ ಆಂಟಿ?"

ಇಪ್ಪತ್ತು ನಿಮಿಷ ಎಂದರೆ ಏನೆಂದು ಯಂತ್ರದ ಮೇಲೆಯೇ ಬರೆದಿತ್ತು. ಡಬ್ಬಿ ಇಳಿಸಿದ ಮೇಲೆ ಕೊಳವೆಯ ಗಾಳಿಯನ್ನು ಪಂಪಿನಿಂದ ಎಳೆದು ಹೀಲಿಯಂ ತುಂಬಬೇಕು. ಹೀಗೆ ಮೂರು ಸಲ. ಆಮೇಲೆ ಮತ್ತೊಮ್ಮೆ ಎಳೆದು, ವಾಲ್ವು ಮುಚ್ಚಿ, ಇಪ್ಪತ್ತು ನಿಮಿಷ ಮೀಟರಿನ ಮುಳ್ಳು ನೋಡುತ್ತ ಕೂರಬೇಕು. ಮುಳ್ಳು ಮೇಲೇರಿದರೆ ಎಲ್ಲೋ ಸೀಳಿದೆ, ಹೊರಗಿನ ಗಾಳಿ ಒಳಗೆ ನುಸುಳಿ ತಣ್ಣನೆಯ ಡಬ್ಬಿಯ ಮೇಲೆ ಹೆಪ್ಪುಗಟ್ಟುತ್ತದೆ ಎಂದರ್ಥ. ಈ ಕೆಲಸಕ್ಕೆ ಡಾಕ್ಟರೇಟ್ ಬೇಡ, ಅಂಡು ಊರಿ ಕೂರುವ ತಾಳ್ಮೆ ಸಾಕು. ಯಂತ್ರದ ಮೈಮೇಲೆ ಕೆಂಪು ಅಕ್ಷರದಲ್ಲಿ ಅಂಟಿಸಿದ್ದ ಚೀಟಿ ಹೀಗೆ ಹೇಳುತ್ತಿತ್ತು: ಇಪ್ಪತ್ತು ನಿಮಿಷ, ಹತ್ತೊಂಬತ್ತಲ್ಲ. ಕೆಳಗೆ ಮೆರ್ರಿನ್ ಟುಲಕ್ ಎಂದು ಸಹಿ.

"ಆ ದಿನದ ಹಾಳೇಲಿ ಟಿಕ್ ಹಾಕಿದೀನಲ್ಲ, ಕಣ್ಣಿಲ್ವಾ?" ಎಂದಳು ಮೆರ್ರಿನ್.

"ಟಿಕ್ ಇದೆ. ಅದಕ್ಕೇ ಕೇಳ್ದೆ."

"ನಿನ್ನ ಪುಡಿ ಕೆಟ್ಟಿದೆ ಅಂತ ನನ್ನ ರಿಂಗಿಗೆ ಗಂಟು ಬಿದ್ದಿದೀಯಾ? ಹೋಗು, ಟೀ ಕುಡ್ಕೊಂಡು ಬಾ."

ಅವಳು ಹೋದ ಮೇಲೆ ಮೆರ್ರಿನ್ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ತೆರೆದಳು. ಮನುಷ್ಯರು ಟಿಕ್ ಹಾಕುತ್ತಾರೆ, ಯಂತ್ರ ಗಂಟೆ ಬರೆದಿಡುತ್ತದೆ. ವಾಲ್ವು ಮುಚ್ಚಿದ್ದು ಹನ್ನೆರಡು ಹತ್ತಕ್ಕೆ. ಅಳತೆ ಶುರುವಾದದ್ದು ಹನ್ನೆರಡು ಹದಿನಾಲ್ಕಕ್ಕೆ. ನಾಲ್ಕು ನಿಮಿಷ. ದಿನಾಂಕ ನೋಡಿದಳು: ಕ್ರಿಸ್‌ಮಸ್ ರಜೆಗೆ ಮುಂಚಿನ ಕೊನೆಯ ಶುಕ್ರವಾರ. ಗಲಾ ಶುಕ್ರವಾರ.

ಎಲ್ಲ ನೆನಪಾಯಿತು, ಬೇಡವೆಂದರೂ. ಜೇಬಿನಲ್ಲಿ ಮಡಚಿಟ್ಟ ಭಾಷಣ ಇತ್ತು. ಅದು ಸ್ಟಾವ್ ಮೇಲಿನ ಭಾಷಣ. ಅವನು ಒಂದು ಸಂಜೆ ಹೀಲಿಯಂ ವಾಲ್ವು ಮುಚ್ಚಲು ಮರೆತು ವಾರದ ಅನಿಲವೆಲ್ಲ ಆಕಾಶಕ್ಕೆ ಹೋಗಿತ್ತು. ಅವಳು ಮುಳ್ಳಿನ ಮುಂದೆ ಕೂರಬೇಕಾದ ಹೊತ್ತಿಗೆ ಬಾಗಿಲಲ್ಲಿ ತಲೆ ಹಾಕಿ "ಬಾ ಮಾರಾಯ್ತಿ, ಸಾಸೇಜು ಸುಟ್ಟೋಗ್ತಿದೆ, ಎಲ್ಲ ನಿನಗೇ ಕಾಯ್ತಿದಾರೆ" ಎಂದು ನಗುತ್ತ ಕರೆದವನೂ ಸ್ಟಾವೇ. ಹಕ್ಕಿ ತನಗೇ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಟಿಕ್ ಎಳೆದು ಎದ್ದು ಹೋಗಿ, ಅರವತ್ತು ಜನರ ಮುಂದೆ ಅವನ ನಡಿಗೆ, ಅವನ ಮಾತಿನ ಧಾಟಿ, ಅವನ ಅಮ್ಮ ಅವನನ್ನು ಕರೆಯುವ ಧಾಟಿ ಎಲ್ಲವನ್ನೂ ಅಣಕಿಸಿದ್ದಳು. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಅಂದಿನಿಂದ ಸ್ಟಾವ್ ಗಲಾ ಶುಕ್ರವಾರದಂದು ತಟ್ಟೆ ಮುಟ್ಟುತ್ತಿರಲಿಲ್ಲ; ದೂರದಲ್ಲಿ, ಪಂಪು ಷೆಡ್ಡಿನ ಬಾಗಿಲಲ್ಲಿ ನಿಂತಿರುತ್ತಿದ್ದ.

ಈಗ ಏನೂ ಮಾಡಬೇಕಾಗಿರಲಿಲ್ಲ. ಅದೇ ಇದರಲ್ಲಿನ ಸೌಕರ್ಯ. ಹಾಳೆ ಹರಿಯಬೇಕಿಲ್ಲ, ಸುಳ್ಳು ಬರೆಯಬೇಕಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಫೆಬ್ರವರಿಗೆ ಹುಡುಗಿ ಹೊರಟುಹೋಗುತ್ತಾಳೆ, ಜನವರಿಗೆ ದೊಡ್ಡ ಕುರ್ಚಿ ಬರುತ್ತದೆ, ದಿಬ್ಬ ದಿಬ್ಬವಾಗಿಯೇ ಉಳಿಯುತ್ತದೆ. ಹನ್ನೊಂದು ವರ್ಷ ಊರವರ ತಪ್ಪನ್ನೆಲ್ಲ ಮೈಕಿನಲ್ಲಿ ಸಾರಿದವಳು ತನ್ನದು ಬಂದಾಗ ಇಷ್ಟು ಬೇಗ ಲೆಕ್ಕ ಹಾಕಿದಳು ಎಂಬುದನ್ನು ಅವಳೇ ಗಮನಿಸಿದಳು, ಮತ್ತು ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಅವಳನ್ನು ಎಬ್ಬಿಸಿದ್ದು ಅಸಹ್ಯವಲ್ಲ, ಅಹಂಕಾರ. ಗೊತ್ತಿಲ್ಲದೆ ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಹುಡುಗಿಯ ಮಾತು ತಪ್ಪೆಂದು ತೋರಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು, ಹೊಸ ರಬ್ಬರ್ ರಿಂಗಿಗೆ ಬ್ಲೇಡಿನಿಂದ ಒಂದು ಗೀರು ಹಾಕಿ, ಖಾಲಿ ಡಬ್ಬಿಯನ್ನು ಕೊಳವೆಗೆ ಇಳಿಸಿ, ಯಂತ್ರವನ್ನು ತಣಿಯಲು ಬಿಟ್ಟಳು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಪ್ರಾಯರ್ ದಿಬ್ಬ ಎದ್ದು ನಿಂತಿತ್ತು. ಪತ್ರಿಕೆಯಲ್ಲಿ ಬಂದದ್ದಕ್ಕಿಂತ ಒಂದು ಕೈ ಮೇಲು.

ಲೊಸಾನಾ ಹಿಂದಿನಿಂದ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

"ಡಬ್ಬೀಲಿ ಏನಿದೆ ಆಂಟಿ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ..."

"ಖಾಲಿ. ರಿಂಗ್ ಸೀಳಿದೀನಿ. ಒಳಗಿರೋದು ಗಾಳಿ."

ಲೊಸಾನಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಮೆರ್ರಿನ್ ಅಂದುಕೊಂಡಳು. ಕೈ ತೆಗೆದಾಗ ನೋಡಿದರೆ ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆಯಾಗಿತ್ತು.

"ನನ್ನ ಪುಡಿ ಚೆನ್ನಾಗಿದೆ ಹಾಗಾದ್ರೆ. ಮೂರೂವರೆ ವರ್ಷ ನಾನು ಸರಿಯಾಗೇ ಅಳ್ದಿದೀನಿ."

"ಹೂಂ."

"ನಾಳೆ ಹೇಳ್ತೀರಾ?"

ಮೆರ್ರಿನ್ ಪರದೆ ನೋಡುತ್ತ "ನೋಡೋಣ" ಎಂದಳು. ಊರಿಗೆಲ್ಲ ಕತ್ತಿಯಾಗಿದ್ದ ನಾಲಿಗೆಗೆ ತನ್ನ ವಿಷಯ ಬಂದ ಕೂಡಲೆ ಹತ್ತಿ ಸುತ್ತಿಕೊಂಡಿತ್ತು.

"ನೀವು ಹೇಳದಿದ್ರೆ ನಾನು ಹೇಳ್ಬೇಕಾಗುತ್ತೆ" ಎಂದಳು ಲೊಸಾನಾ, ಎದ್ದು ನಿಂತು. "ನಾನು ಹೇಳಿದ್ರೆ ಯಾರು ಕೇಳ್ತಾರೆ? ಪುಡಿ ಕೆಡಿಸಿದವಳು ತಪ್ಪಿಸ್ಕೊಳ್ಳೋಕೆ ಕಥೆ ಕಟ್ತಿದಾಳೆ ಅಂತಾರೆ. ನಿಮಗೆ ಗೊತ್ತಲ್ಲ ಅದು."

ಗೊತ್ತಿತ್ತು.

ಶುಕ್ರವಾರ, ಡಿಸೆಂಬರ್ ಎಂದರೆ ಅಲ್ಲಿ ನಡುಬೇಸಿಗೆ, ಬಿಸಿಲು ಧಗಧಗಿಸುತ್ತಿತ್ತು. ಪ್ರಾಯರ್ ಕೆನೆಬಣ್ಣದ ಕೋಟು, ಹುಲ್ಲಿನ ಟೋಪಿ ಹಾಕಿಕೊಂಡು ಮದುವೆಯ ಬೀಗರಂತೆ ಬಂದು ನೆರಳಿನ ಒಳ್ಳೆ ಜಾಗ ಹಿಡಿದ. ಲೊಸಾನಾ ಜನರ ಹಿಂದೆ ಕೈಕಟ್ಟಿ ನಿಂತಿದ್ದಳು. ಸ್ಟಾವ್ ಎಂದಿನಂತೆ ಷೆಡ್ಡಿನ ಬಾಗಿಲಲ್ಲಿದ್ದ. ಮೆರ್ರಿನ್ ಕುರ್ಚಿಯ ಪಕ್ಕ ನಿಂತು, ಬಗಲಿನಿಂದ ಎರಡು ದೊಡ್ಡ ಹಾಳೆ ತೆಗೆದು ಎತ್ತಿ ಹಿಡಿದಳು. ಒಂದರಲ್ಲಿ ಚಪ್ಪಟೆ ಗೆರೆ, ಇನ್ನೊಂದರಲ್ಲಿ ದಿಬ್ಬ.

"ಭಾಷಣಕ್ಕೆ ಮುಂಚೆ ಒಂದು ಪರೀಕ್ಷೆ. ಡೆನ್ಹಮ್, ಬಾ ಇಲ್ಲಿ. ಇವೆರಡರಲ್ಲಿ ನಿನ್ನ ಪುಡಿ ಯಾವುದು, ಹೇಳು ನೋಡೋಣ."

ಪ್ರಾಯರ್ ಕನ್ನಡಕ ಏರಿಸಿಕೊಂಡು ಬಂದ. ನೋಡಿದ್ದೇ ತಡ, ಮುಖ ಅರಳಿತು.

"ಇದು! ಇದು ನೋಡ್ರಪ್ಪ! ಎಲ್ಲಿ ಅಡಗಿಸಿಟ್ಟಿದ್ದೆ ಇದನ್ನ? ಐದು ವರ್ಷದ ಹಿಂದಿನದಕ್ಕಿಂತ ಚೊಕ್ಕವಾಗಿದೆ. ಈ ಭುಜ ನೋಡಿ, ಈ ಇಳಿಜಾರು ನೋಡಿ. ನಾನು ಬಾಯಿ ಬಡ್ಕೊಂಡಿದ್ದು ಇದನ್ನೇ, ಒಳ್ಳೆ ಪುಡಿ ಇದ್ರೆ ಒಳ್ಳೆ ದಿಬ್ಬ ಬಂದೇ ಬರುತ್ತೆ! ಯಾರು ಮಾಡಿದ ಪುಡಿ ಇದು?"

"ಯಾರೂ ಮಾಡಿಲ್ಲ. ಖಾಲಿ ಡಬ್ಬಿ ಅದು."

"ಏನು?"

"ಖಾಲಿ ಡಬ್ಬಿ, ಸೀಳಿದ ರಿಂಗು. ನೀನು ಮುದ್ದಾಡ್ತಿರೋದು ಗಾಳಿನ, ಡೆನ್ಹಮ್. ನಾವೆಲ್ಲ ಇಲ್ಲಿ ನಿಂತು ಉಸಿರಾಡ್ತಿದೀವಲ್ಲ, ಅದೇ ಹೆಪ್ಪುಗಟ್ಟಿದ್ದು. ನಿನ್ನ ಪುಡಿ ಇದು, ಚಪ್ಪಟೆ. ಲೊಸಾನಾ ನಾಲ್ಕು ಸಲ ಅಳೆದದ್ದು. ನಾಲ್ಕು ಸಲನೂ ಸರಿ."

ಆಮೇಲೆ ನಗು ಎದ್ದಿತು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಮರುಕ್ಷಣ ಅರವತ್ತು ಜನರೂ ಹೊಟ್ಟೆ ಹಿಡಿದುಕೊಂಡರು. "ಹಕ್ಕಿ ಕೊಡಿ! ಪ್ರೊಫೆಸರಿಗೆ ಹಕ್ಕಿ ಕೊಡಿ!" ಎಂದು ಕೂಗಿದರು. ಮೆರ್ರಿನ್‌ಗೆ ಆ ಕೂಗು ಬೆಲ್ಲದಂತೆ ಸಿಹಿಯಾಗಿತ್ತು. ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಹುಡುಗಿ ಉಳಿದಳು, ಪ್ರಾಯರ್ ಮುಳುಗಿದ, ತನ್ನ ಮೈಗೆ ಒಂದು ಹನಿಯೂ ಸಿಡಿದಿಲ್ಲ. ಅವಳ ಕೈ ಹಕ್ಕಿಯ ಕಡೆಗೆ ಚಾಚಿಯೂ ಆಗಿತ್ತು.

ಪ್ರಾಯರ್ ಮುಖ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿತ್ತು. ಆದರೆ ಪ್ರೊಫೆಸರುಗಳು ಬಿದ್ದರೂ ಬೇರೆಯವರ ಮೇಲೆ ಬೀಳುವುದನ್ನು ಚೆನ್ನಾಗಿ ಅಭ್ಯಾಸ ಮಾಡಿರುತ್ತಾರೆ.

"ನಗಿ, ನಗಿ. ಆ ದಿನ ಡಬ್ಬಿ ಇಳಿಸಿದ್ದು ಯಾರು? ನಾನಂತೂ ಯಂತ್ರ ಮುಟ್ಟಿಲ್ಲ. ರಿಂಗು, ಪಂಪು, ವಾಲ್ವು ಎಲ್ಲ ಸ್ಟಾವ್‌ದು ತಾನೆ? ವಾಲ್ವಿನ ವಿಷಯದಲ್ಲಿ ಅವನ ಹೆಸರು ಆ ಪೀಠದ ಮೇಲೇ ಇದೆ, ಅದೇ ವರ್ಷದ್ದು. ಅದನ್ನ ಬರ್ದದ್ದು ನೀನೇ, ಮೆರ್ರಿನ್."

ಅರವತ್ತು ತಲೆಗಳು ಷೆಡ್ಡಿನ ಕಡೆ ತಿರುಗಿದವು. ಎಲ್ಲರಿಗೂ ಅದು ಸರಿ ಎನ್ನಿಸಿತು. ಅಷ್ಟು ಚೆನ್ನಾಗಿ ಬರೆದಿದ್ದಳು ಅವಳು. ಸ್ಟಾವ್ ಕೈಯಲ್ಲಿದ್ದ ಒರಸುಬಟ್ಟೆಯನ್ನು ಮಡಚಿದ, ಮತ್ತೆ ಬಿಚ್ಚಿದ. ಅವನಿಗೂ ಅಭ್ಯಾಸವಾಗಿತ್ತು.

"ನಾನು" ಎಂದಳು ಮೆರ್ರಿನ್.

"ಏನು ನೀನು?"

"ಡಬ್ಬಿ ಇಳಿಸಿದ್ದು ನಾನು. ಇಪ್ಪತ್ತು ನಿಮಿಷ ಕಾಯ್ಲಿಲ್ಲ. ನಾಲ್ಕು ನಿಮಿಷಕ್ಕೇ ಟಿಕ್ ಹಾಕಿ ಎದ್ದುಬಂದೆ. ಯಾಕೆ ಅಂತೀರಾ? ಇಲ್ಲಿಗೆ ಬರೋಕೆ. ಇದೇ ಜಾಗದಲ್ಲಿ ನಿಂತು ಸ್ಟಾವ್‌ಗೆ ವಾಲ್ವು ಮುಚ್ಚೋದು ಬರಲ್ಲ ಅಂತ ಭಾಷಣ ಮಾಡೋಕೆ."

ಯಾರೂ ನಗಲಿಲ್ಲ. ಅವಳು ಕಾದಳು, ನಗಲಿ ಎಂದು. ಹನ್ನೊಂದು ವರ್ಷದಲ್ಲಿ ಅವಳ ಮಾತಿಗೆ ನಗು ಬಾರದೆ ಇದ್ದದ್ದು ಅದೇ ಮೊದಲು.

"ಐದು ವರ್ಷ ಆ ಗಾಳಿ ಮೇಲೆ ಕೂತಿದೀನಿ. ಮೂರು ದೇಶದವರಿಗೆ ಪುಡಿ ಮಾಡೋಕೆ ಬರಲ್ಲ ಅಂದೆ. ಮೊನ್ನೆ ಈ ಹುಡುಗೀನ ಹರಿದು ಹಾಕೋಕೆ ಭಾಷಣ ಬರ್ದಿಟ್ಟಿದ್ದೆ, ಇದೇ ಜೇಬಲ್ಲಿದೆ. ಬುಧವಾರ ಅವಳು ನನ್ನನ್ನ ಕೇಳಿದಾಗ ಸುಳ್ಳು ಹೇಳ್ದೆ. ಇಷ್ಟೇ ಭಾಷಣ. ಪೆನ್ನು ಯಾರ ಹತ್ರ ಇದೆ?"

ಪ್ರಾಯರ್ ಯಾವಾಗ ಹೊರಟುಹೋದನೋ ಯಾರೂ ಗಮನಿಸಲಿಲ್ಲ. ಅವನ ಗತಿ ಏನಾಯಿತೆಂದು ಮರುಕಪಡಬೇಕಾಗಿಲ್ಲ. ಖಾಲಿ ಡಬ್ಬಿಯನ್ನು ಹೊಗಳಿದ್ದನ್ನು ಅರವತ್ತು ಜನ ಕೇಳಿದ್ದರಿಂದ ಪುಡಿ ಕೆಟ್ಟಿದೆ ಎನ್ನಲು ಅವನಿಗೆ ಬಾಯಿ ಉಳಿಯಲಿಲ್ಲ. ಫೆಬ್ರವರಿಯಲ್ಲಿ ಲೊಸಾನಾಳ ಪ್ರಬಂಧಕ್ಕೆ ತೆಪ್ಪಗೆ ಸಹಿ ಹಾಕಿದ. ಆಮೇಲೆ, ನ್ಯೂಟ್ರಾನ್ ಅಳತೆಯಲ್ಲಿ ಗಾಳಿಯಿಂದಾಗುವ ಮೋಸದ ಬಗ್ಗೆ ಊರೂರು ಸುತ್ತಿ ಉಪನ್ಯಾಸ ಕೊಡತೊಡಗಿದ, ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದು. ಅಂಥವರನ್ನು ನೀರಿಗೆ ಎಸೆದರೂ ಮೈ ಒರೆಸಿಕೊಂಡು ಈಜಿನ ಪಾಠ ಹೇಳುತ್ತಾರೆ. ಪತ್ರಿಕೆಗೆ ತಪ್ಪೊಪ್ಪಿಗೆಯ ಪತ್ರ ಬರೆದವಳು ಮೆರ್ರಿನ್ ಒಬ್ಬಳೇ, ಅದೇ ಶುಕ್ರವಾರ ಸಂಜೆ. ದೊಡ್ಡ ಕುರ್ಚಿ ಬೇರೆಯವರಿಗೆ ಹೋಯಿತು.

ಆದರೆ ಅದೆಲ್ಲ ಮುಂದಿನ ಮಾತು. ಆ ಹೊತ್ತಿನಲ್ಲಿ ಪೆನ್ನು ತಂದುಕೊಟ್ಟವನು ಸ್ಟಾವ್. ಷೆಡ್ಡಿನಿಂದ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಎದೆ ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ. ಮೆರ್ರಿನ್ ಹಕ್ಕಿಯನ್ನು ಮಗುಚಿ, ಪೀಠದ ಮೇಲೆ ಐದು ವರ್ಷದ ಹಿಂದಿನ ಸಾಲು ಹುಡುಕಿ, ಸ್ಟಾವ್ರೋಸ್ ಎಂಬ ಹೆಸರಿನ ಮೇಲೆ ಗೀಟು ಎಳೆಯಲು ಪೆನ್ನು ಇಟ್ಟಳು.

"ಹೊಡಿಬೇಡ" ಎಂದ ಸ್ಟಾವ್.

"ಆ ವರ್ಷದ್ದು ನನಗೆ ಸೇರ್ಬೇಕು."

"ನನ್ನದೂ ಇರ್ಲಿ. ನಾನು ವಾಲ್ವು ಮರೆತದ್ದು ನಿಜ." ಅವನು ದನಿ ಏರಿಸಲಿಲ್ಲ, ಹತ್ತಿರವಿದ್ದ ಲೊಸಾನಾಗೆ ಮಾತ್ರ ಕೇಳಿಸಿತು. "ಮರೆತ ಮಾರನೇ ದಿನ ಬೆಳಿಗ್ಗೆ ಎಂಟು ಗಂಟೆಗೇ ಬಂದು ನಿನಗೆ ಹೇಳಿದ್ದೆ, ನೆನಪಿದ್ಯಾ? ನಾನು ಹೇಳದಿದ್ರೆ ನಿನಗೆ ಗೊತ್ತೇ ಆಗ್ತಿರ್ಲಿಲ್ಲ."

ಮೆರ್ರಿನ್ ಅವನ ಹೆಸರಿನ ಪಕ್ಕದಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ ತನ್ನ ಹೆಸರನ್ನು ಸಣ್ಣಗೆ ಬರೆದಳು. ಸ್ಟಾವ್ ಪೆನ್ನು ಇಸಿದುಕೊಂಡು, ಮುಚ್ಚಳ ಹಾಕಿ, ಜೇಬಿಗೆ ಸಿಕ್ಕಿಸಿ ಷೆಡ್ಡಿನ ಕಡೆಗೆ ನಡೆದ. ಸಾಸೇಜು ಅವನು ಅಂದೂ ಮುಟ್ಟಲಿಲ್ಲ.